ಬೋಳುಗುಡ್ಡವೂ ಖಾಲಿಯಲ್ಲ: ಸ್ಕಾಟ್ಲೆಂಡಿನ ಉದ್ಯಾನಗಳಲ್ಲಿ, ಬಯಲುಗಳಲ್ಲಿ ಐದು ವಾರ

(ಬಳಗದ ವಾರ್ಷಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣಿನ ವಿಚಾರವಾಗಿ ನಡೆದ ಸಭೆಯೊಂದರ ನಿಮಿತ್ತ ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ನಾನು ಸ್ಕಾಟ್ಲೆಂಡಿಗೆ ಹೋಗಿದ್ದೆ. ಸಭೆ ಮೂರೇ ದಿನದ್ದು. ಉಳಿದ ದಿನಗಳನ್ನು ಅಲ್ಲಿನ ಸಾರ್ವಜನಿಕ ಸಸ್ಯೋದ್ಯಾನಗಳನ್ನೂ ಉತ್ತರದ ಗುಡ್ಡ-ಬಯಲುಗಳನ್ನೂ ನೋಡುವುದಕ್ಕೆ ಬಳಸಿಕೊಂಡೆ. ಅದನ್ನು ಕುರಿತು ಮಾತನಾಡಬೇಕೆಂದು ಬಳಗದವರು ಅಪೇಕ್ಷಿಸಿದ್ದಾರೆ. ಪ್ರವಾಸ ಕಥನವನ್ನು ಹೇಳುವುದು ನನ್ನ ಉದ್ದೇಶವಲ್ಲ. ಈ ವರ್ಷದ ಮಳೆಗಾಲಕ್ಕೆ ಮುನ್ನ ನಮ್ಮೂರಿನ ಬ್ಯಾಣದಲ್ಲಿ ಅಕೇಶಿಯಾ ಗುಂಡಿಗಳಿಗೆ ಗುರುತು ಹಾಕಿರುವುದನ್ನು ತಾವೆಲ್ಲ ಬಲ್ಲಿರಿ. ಆ ಗುರುತಿಗೂ ನಾನು ಕಂಡ ಉತ್ತರದ ಬಯಲಿಗೂ ಸಂಬಂಧವಿದೆ. ಆದರೆ ಅಲ್ಲಿಗೆ ಹೋಗುವ ದಾರಿ ಉದ್ಯಾನಗಳ ಮೂಲಕವೇ ಹಾಯುತ್ತದೆ. ಆದ್ದರಿಂದ ತಾಳ್ಮೆಯಿಂದ ಕೇಳಬೇಕೆಂದು ವಿನಂತಿ.

ಸ್ಕಾಟ್ಲೆಂಡ್ ಬ್ರಿಟನ್ ದ್ವೀಪದ ಉತ್ತರ ಭಾಗ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಇಡೀ ದೇಶದ ಜನಸಂಖ್ಯೆ ಬೆಂಗಳೂರು ನಗರದ ಅರ್ಧಕ್ಕೂ ಬಾರದು. ಅದರ ಬಹುಭಾಗ 55 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರದಲ್ಲಿರುವುದರಿಂದ ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಪಶ್ಚಿಮದ ಕಡಲ ಬದಿಗೆ ಮಳೆ ಹೆಚ್ಚು, ಪೂರ್ವಕ್ಕೆ ಕಡಿಮೆ. ಎಡಿನ್‌ಬರೋ ನಗರಕ್ಕೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಪಶ್ಚಿಮದ ಬೆಟ್ಟಗಳಲ್ಲಿ 2,000 ಮಿಲಿಮೀಟರ್ ದಾಟುತ್ತದೆ. ಘಟ್ಟದ ಅಂಚಿಗೂ ಅದರ ಪೂರ್ವದ ಸೆರಗಿಗೂ ಇರುವ ವ್ಯತ್ಯಾಸವನ್ನು ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ನಮಗೆ ಇಂಬಳ ಹೇಗೋ ಅವರಿಗೆ ಮಿಜ್ ಎಂಬ ನುಸಿ ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಗುಂಪುಗುಂಪಾಗಿ ಬರುತ್ತದೆ. ನಮ್ಮಲ್ಲಿರುವಂತೆ ಸುಣ್ಣ-ಹೊಗೆಸೊಪ್ಪಿನ ಉಪಾಯವೂ ಅದಕ್ಕಿಲ್ಲ.

ಎಡಿನ್‌ಬರೋ ನಗರದ ರಾಯಲ್ ಬೊಟಾನಿಕ್ ಗಾರ್ಡನ್ 1670ರಲ್ಲಿ ಆರಂಭವಾಯಿತು. ರಾಬರ್ಟ್ ಸಿಬಾಲ್ಡ್ ಮತ್ತು ಆಂಡ್ರ್ಯೂ ಬಾಲ್ಫೋರ್ ಎಂಬ ಇಬ್ಬರು ವೈದ್ಯರು ಅರಮನೆಯ ಬಳಿ ಸಣ್ಣ ತುಂಡು ಭೂಮಿಯಲ್ಲಿ ಔಷಧಿ ಗಿಡಗಳನ್ನು ಬೆಳೆಸಿದರು. ಅಂಗಡಿಯವನು ಕೊಟ್ಟ ಬೇರು ಸರಿಯಾದದ್ದೋ ಅಲ್ಲವೋ ಎಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ತಿಳಿಯಬೇಕಲ್ಲವೆ, ಅದಕ್ಕಾಗಿ. ನಮ್ಮ ನಾಟಿವೈದ್ಯರ ಹಿತ್ತಿಲು ಎಂದು ಭಾವಿಸಿದರೆ ತಪ್ಪಾಗದು. ಹಲವು ಸಲ ಜಾಗ ಬದಲಿಸಿ, 19ನೆಯ ಶತಮಾನದ ಆರಂಭದಲ್ಲಿ ಈಗಿರುವ ಇನ್ವರ್‌ಲೀತ್ ಎಂಬಲ್ಲಿಗೆ ಬಂದು ನೆಲೆಸಿತು. ಇಂದು ಅದು ಸುಮಾರು 70 ಎಕರೆ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಮಧ್ಯಾಹ್ನದ ಬುತ್ತಿ ಹಿಡಿದು ಬಂದು ಹುಲ್ಲಿನ ಮೇಲೆ ಕುಳಿತುಕೊಳ್ಳುವ ಗುಮಾಸ್ತರು, ಮೊಮ್ಮಕ್ಕಳನ್ನು ಕರೆತಂದ ಅಜ್ಜಿಯರು, ಇವರ ನಡುವೆಯೇ ಸಂಶೋಧಕರೂ ಓಡಾಡುತ್ತಿರುತ್ತಾರೆ.

ಅಲ್ಲಿ ನನ್ನನ್ನು ಹೂವಿಗಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಗಿಡದ ಬುಡದಲ್ಲಿರುವ ಫಲಕ. ನಮ್ಮ ಉದ್ಯಾನಗಳಲ್ಲಿಯೂ ಫಲಕಗಳಿವೆ, ಹೆಚ್ಚೆಂದರೆ ಹೆಸರು ಇರುತ್ತದೆ. ಅಲ್ಲಿನ ಫಲಕದಲ್ಲಿ ಹೆಸರು, ಕುಟುಂಬ, ಮೂಲನೆಲೆಗಳ ಜೊತೆಗೆ ಒಂದು ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು ಹಿಡಿದು ಕಡತವನ್ನು ತೆರೆದರೆ ಗಿಡವು ಯಾವ ವರ್ಷ ಬಂದಿತು, ಯಾರು ತಂದರು, ಯಾವ ಬೆಟ್ಟದ ಬೀಜ ಎಂಬುದೆಲ್ಲ ಸಿಗುತ್ತದೆ. ಗಿಡ ಸತ್ತರೆ ಅದೂ ದಾಖಲಾಗುತ್ತದೆ. ತಳಿಸಂಗ್ರಹದ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಎಲ್ಲಿಂದ ಬಂದಿತೆಂದು ತಿಳಿಯದ ಭತ್ತದ ತಳಿಯು ಬಿತ್ತನೆಗೆ ಒದಗೀತೇ ಹೊರತು ಅಧ್ಯಯನಕ್ಕೆ ಅರ್ಧ ಮಾತ್ರ ಒದಗುತ್ತದೆ. ಉದ್ಯಾನಕ್ಕೆ ಸೇರಿದ ಒಣಸಸ್ಯ ಸಂಗ್ರಹಾಲಯದಲ್ಲಿ ಸುಮಾರು 30 ಲಕ್ಷ ಮಾದರಿಗಳಿವೆ.

ಆ ಲಕ್ಷಗಳಲ್ಲಿ ನಮ್ಮ ಸೀಮೆಯದೂ ಪಾಲಿದೆ. 18ನೆಯ ಶತಮಾನದಲ್ಲಿ ಈ ಉದ್ಯಾನವನ್ನು ನೋಡಿಕೊಳ್ಳುತ್ತಿದ್ದ ಜಾನ್ ಹೋಪ್ ಎಂಬ ಪ್ರಾಧ್ಯಾಪಕರ ಶಿಷ್ಯರು ಕಂಪನಿ ಸರ್ಕಾರದ ವೈದ್ಯರಾಗಿ ಭಾರತಕ್ಕೆ ಬಂದರು. ಅವರಲ್ಲಿ ಒಬ್ಬರು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಬಳಿಕ 1800-1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, ಸೋಂದೆ, ಸಿರ್ಸಿ, ಇಕ್ಕೇರಿಗಳನ್ನು ಹಾದು, ನಮ್ಮ ಅಡಿಕೆ ತೋಟಗಳ ವಿವರಗಳನ್ನು ಬರೆದಿಟ್ಟವರು ಅವರೇ. ಅವರ ತರುವಾಯ ಬಂದವರು ಹ್ಯೂ ಕ್ಲೆಗಾರ್ನ್. ಹುಟ್ಟಿದ್ದು 1820ರಲ್ಲಿ, ಮದ್ರಾಸಿನಲ್ಲಿ. ವೈದ್ಯಕೀಯ ಕಲಿತದ್ದು ಎಡಿನ್‌ಬರೋದಲ್ಲಿ. 1840ರ ದಶಕದ ನಡುಭಾಗದಲ್ಲಿ ಅವರು ಶಿವಮೊಗ್ಗದಲ್ಲಿ ವೈದ್ಯಾಧಿಕಾರಿಯಾಗಿದ್ದರು. ಅಲ್ಲಿ ಮರಾಠಿ ಚಿತ್ರಕಾರನೊಬ್ಬನನ್ನು ಇಟ್ಟುಕೊಂಡು ಸುತ್ತಲಿನ ಗಿಡಗಳನ್ನು ಒಂದೊಂದಾಗಿ ಬರೆಯಿಸಿದರು. ಆ ಚಿತ್ರಗಳು ಇಂದು ಎಡಿನ್‌ಬರೋ ಉದ್ಯಾನದ ಸಂಗ್ರಹದಲ್ಲಿವೆ. ಅಲ್ಲಿಯ ಸಸ್ಯಶಾಸ್ತ್ರಜ್ಞ ಹೆನ್ರಿ ನೋಲ್ಟಿಯವರು ಕ್ಲೆಗಾರ್ನ್ ಸಂಗ್ರಹವನ್ನು ಕುರಿತು 2016ರಲ್ಲಿ ಪುಸ್ತಕ ಪ್ರಕಟಿಸಿದ್ದಾರೆ. ನಮ್ಮ ಬೇಲಿಸಾಲಿನ, ಗದ್ದೆಯಂಚಿನ ಗಿಡಗಳನ್ನು ಎಲೆಯ ನರನರವೂ ಕಾಣುವಂತೆ ಬರೆದಿರುವ ಆ ಹಾಳೆಗಳನ್ನು ಎಂಟು ಸಾವಿರ ಕಿಲೋಮೀಟರ್ ಆಚೆ ಕುಳಿತು ನೋಡುವುದು ವಿಚಿತ್ರ ಅನುಭವ. ಬರೆಸಿದವರ ಹೆಸರು ಸಂಗ್ರಹಕ್ಕೇ ಇದೆ. ಬರೆದವನ ಹೆಸರು ನಾನು ನೋಡಿದ ಹಾಳೆಗಳಲ್ಲಿ ಇರಲಿಲ್ಲ.

ಕ್ಲೆಗಾರ್ನ್ ಅವರನ್ನು ಹೊಗಳುವುದೂ ಸುಲಭ, ತೆಗಳುವುದೂ ಸುಲಭ. ಉಷ್ಣವಲಯದ ಕಾಡುಗಳ ನಾಶದ ಪರಿಣಾಮಗಳನ್ನು ಕುರಿತು ಬ್ರಿಟನ್ನಿನ ವಿಜ್ಞಾನ ಪರಿಷತ್ತಿಗೆ 1851ರಲ್ಲಿ ಸಲ್ಲಿಸಿದ ವರದಿಯಲ್ಲಿ ಅವರ ಪಾಲು ದೊಡ್ಡದು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಆಗ ಉತ್ತರ ಕನ್ನಡವೂ ಮದ್ರಾಸಿಗೇ ಸೇರಿತ್ತು. 1861ರಲ್ಲಿ ಬಂದ ಅವರ ಗ್ರಂಥದ ಹೆಸರೇ ದಕ್ಷಿಣ ಭಾರತದ ಕಾಡುಗಳು ಮತ್ತು ಉದ್ಯಾನಗಳು ಎಂದು. ಕಾಡು ಉಳಿಯಬೇಕೆಂಬ ಕಾಳಜಿ ಅವರಿಗೆ ನಿಜವಾಗಿಯೂ ಇತ್ತು. ಅದೇ ಕಾಳಜಿಯಿಂದ ಗುಡ್ಡದ ಜನರ ಕುಮರಿ ಬೇಸಾಯವನ್ನು ಕಟುವಾಗಿ ವಿರೋಧಿಸಿದರು. 1860ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೆ ನಿರ್ಬಂಧ ವಿಧಿಸಿತು. ಒಂದು ಗಿಡದ ಕೇಸರವನ್ನು ಎಣಿಸಿ ನೋಡುವ ಕಣ್ಣಿಗೆ ಆ ಗಿಡದ ಪಕ್ಕದಲ್ಲಿ ರಾಗಿ ಬಿತ್ತಿದವನ ಲೆಕ್ಕ ಕಾಣದೆ ಹೋಯಿತು. ಉದ್ಯಾನದ ಕಣ್ಣು ಎಂದು ನಾನು ಇದನ್ನೇ ಕರೆಯುವುದು. ಈ ಮಾತಿಗೆ ಮತ್ತೆ ಬರುತ್ತೇನೆ.

ಎಡಿನ್‌ಬರೋದ ಉದ್ಯಾನಕ್ಕೆ ಹೊರಗಡೆ ಮೂರು ಶಾಖೆಗಳಿವೆ. ಅವುಗಳಲ್ಲಿ ಪಶ್ಚಿಮದ ಬೆನ್‌ಮೋರ್ ನಮ್ಮಂಥವರಿಗೆ ಬಹಳ ಆಪ್ತವಾಗುವ ಸ್ಥಳ. ಮಳೆ, ಮಂಜು, ಹಾವಸೆ, ಮರದ ಕೊಂಬೆಯ ಮೇಲೆಲ್ಲ ಪಾಚಿ. ಬಾಗಿಲಿನಲ್ಲಿಯೇ 1863ರಲ್ಲಿ ನೆಟ್ಟ ಅಮೆರಿಕದ ದೈತ್ಯ ಸೆಕ್ವೋಯಾ ಮರಗಳ ಸಾಲು. ಮೇಲಕ್ಕೆ ಹತ್ತಿದರೆ ಗುಡ್ಡದ ತುಂಬ ರೋಡೋಡೆಂಡ್ರಾನ್: ಕೆಂಪು, ಬಿಳಿ, ಹಳದಿ, ಮುನ್ನೂರಕ್ಕೂ ಹೆಚ್ಚು ಜಾತಿ. ನೀಲಗಿರಿಯ ಶೋಲಾ ಕಾಡಿನ ಅಂಚಿನಲ್ಲಿ ಕೆಂಪು ಹೂ ಬಿಡುವ ಮರವನ್ನು ನೋಡಿದವರಿಗೆ ಈ ಕುಲದ ಪರಿಚಯವಿದ್ದೀತು. ಇವುಗಳಲ್ಲಿ ಬಹುಪಾಲು ಹಿಮಾಲಯ ಮತ್ತು ಚೀನದವು. ಜಾರ್ಜ್ ಫಾರೆಸ್ಟ್ ಎಂಬ ಸ್ಕಾಟಿಷ್ ಸಂಗ್ರಾಹಕ 1904ರಿಂದ 1932ರಲ್ಲಿ ತೀರಿಕೊಳ್ಳುವವರೆಗೆ ಚೀನದ ಯುನ್ನಾನ್ ಪ್ರಾಂತ್ಯದಲ್ಲಿ ಏಳು ಯಾತ್ರೆ ಕೈಗೊಂಡು, ಮೂವತ್ತು ಸಾವಿರಕ್ಕೂ ಹೆಚ್ಚು ಸಸ್ಯಮಾದರಿಗಳನ್ನೂ ಲೆಕ್ಕವಿಲ್ಲದಷ್ಟು ಬೀಜವನ್ನೂ ಕಳುಹಿಸಿದ. ಬೆಟ್ಟ ಹತ್ತಿ ಬೀಜ ಕೊಯ್ದವರು ಹೆಚ್ಚಾಗಿ ಅಲ್ಲಿನ ನಾಶಿ ಬುಡಕಟ್ಟಿನ ಜನ. ಅವರ ಮುಖ್ಯಸ್ಥನ ಹೆಸರು ಝಾವೊ ಚೆಂಗ್‌ಝಾಂಗ್. ಆ ಹೆಸರು ಉಳಿದುಬಂದಿದೆ ಎಂಬುದು ಸಮಾಧಾನದ ಸಂಗತಿ.

ಈ ರೋಡೋಡೆಂಡ್ರಾನ್ ಕುಲದಲ್ಲಿಯೇ ಒಂದು ಜಾತಿ ಬೇಲಿ ಹಾರಿತು. ಪಾಂಟಿಕಂ ಎಂಬ ಆ ಜಾತಿ ಸ್ಪೇನ್-ಪೋರ್ಚುಗಲ್ ಮತ್ತು ಕಪ್ಪು ಸಮುದ್ರದ ತೀರದ್ದು. 1763ರ ಸುಮಾರಿಗೆ ಬ್ರಿಟನ್ನಿಗೆ ಬಂತು. ನೇರಳೆ ಬಣ್ಣದ ಸೊಗಸಾದ ಹೂ. ಶ್ರೀಮಂತರು ಬೇಟೆಯ ಹಕ್ಕಿಗಳಿಗೆ ಮರೆಯಾಗಲೆಂದು ತಮ್ಮ ಎಸ್ಟೇಟುಗಳಲ್ಲಿ ನೆಟ್ಟರು. ಒಂದು ದೊಡ್ಡ ಪೊದೆ ವರ್ಷಕ್ಕೆ ಹತ್ತು ಲಕ್ಷ ಬೀಜ ಉದುರಿಸಬಲ್ಲದು. ಬೀಜ ದೂಳಿನಷ್ಟು ಹಗುರ. ಎಲೆಯಲ್ಲಿ ವಿಷವಿರುವುದರಿಂದ ಕುರಿಯಾಗಲಿ ಜಿಂಕೆಯಾಗಲಿ ಮುಟ್ಟುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಓಕ್, ಹೇಜಲ್ ಮರಗಳ ಹಳೆಯ ಮಳೆಕಾಡಿನ ತುಣುಕುಗಳಿವೆ. ಎಲ್ಲ ಕೂಡಿಸಿದರೆ ಸುಮಾರು 30,000 ಹೆಕ್ಟೇರ್. ಜಗತ್ತಿನಲ್ಲಿಯೇ ಅಪರೂಪವಾದ ಕಲ್ಲುಹೂಗಳೂ ಪಾಚಿಗಳೂ ಆ ಮರಗಳ ಮೇಲಿವೆ. ಅಲ್ಲೆಲ್ಲ ಈ ಪೊದೆ ಹರಡಿ ನೆಲಕ್ಕೆ ಬೆಳಕನ್ನೇ ಬಿಡುತ್ತಿಲ್ಲ. ಜೂನ್ ತಿಂಗಳಲ್ಲಿ ಬಸ್ಸಿನಲ್ಲಿ ಹೋಗುವ ಪ್ರವಾಸಿಗಳು ನೇರಳೆ ಗುಡ್ಡವನ್ನು ನೋಡಿ ಫೋಟೋ ತೆಗೆಯುತ್ತಿದ್ದರು. ಅದೇ ಗುಡ್ಡದಲ್ಲಿ ಸ್ವಯಂಸೇವಕರು ಗರಗಸ ಹಿಡಿದು ಬುಡ ಕಡಿಯುತ್ತಿದ್ದರು.

ನಮಗೆ ಇದು ಹೊಸ ಕಥೆಯಲ್ಲ. ಲಂಟಾನ ಭಾರತಕ್ಕೆ ಬಂದದ್ದು 19ನೆಯ ಶತಮಾನದ ಆರಂಭದಲ್ಲಿ, ಅಲಂಕಾರದ ಗಿಡವಾಗಿ, ಕಲ್ಕತ್ತೆಯ ಸಸ್ಯೋದ್ಯಾನದ ಮೂಲಕ. ಇಂದು ಬಂಡೀಪುರದ ಕಾಡಿನೊಳಗೆ ಆನೆಗೆ ಹುಲ್ಲು ಸಿಗದಂತೆ ಮಾಡಿರುವುದು ಅದೇ. ಅದರ ಜೊತೆಗೆ ಈಚೆಗೆ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಸೇರಿಕೊಂಡಿದೆ. ಅದೂ ರಸ್ತೆಬದಿಯ ಅಂದಕ್ಕೆ ತಂದ ಮರವೇ. ಉದ್ಯಾನಗಳನ್ನು ದೂರಬೇಕೆಂದು ನಾನು ಹೇಳುತ್ತಿಲ್ಲ. ಕಾಳುಮೆಣಸು ಬಿಟ್ಟರೆ ನಮ್ಮ ತೋಟದ ಎಷ್ಟು ಬೆಳೆಗಳು ಈ ನೆಲದವು? ಕೋಕೋ, ಕಾಫಿ, ಮೆಣಸಿನಕಾಯಿ, ಗೋಡಂಬಿ, ಪಪಾಯಿ, ಎಲ್ಲವೂ ಹಡಗು ಹತ್ತಿ ಬಂದವು. ಗಿಡವನ್ನು ತರುವ ಕೈ, ಅದನ್ನು ಹಿಡಿದಿಟ್ಟುಕೊಳ್ಳುವ ಹೊಣೆಯನ್ನೂ ಹೊರಬೇಕು, ಅಷ್ಟೆ.

ಇನ್ನು ಉತ್ತರದ ಬಯಲಿಗೆ ಬರೋಣ. ಹೈಲ್ಯಾಂಡ್ಸ್ ಎಂದು ಕರೆಯುವ ಆ ಬೆಟ್ಟದ ಸೀಮೆಯ ಚಿತ್ರಗಳನ್ನು ಕ್ಯಾಲೆಂಡರಿನಲ್ಲಿ ನೀವು ನೋಡಿರಬಹುದು. ಮೈಲಿಗಟ್ಟಲೆ ಮರವಿಲ್ಲದ ಗುಡ್ಡ, ಕೆಳಗೆ ಕಪ್ಪು ನೀರಿನ ಸರೋವರ, ಇಳಿಜಾರಿನಲ್ಲೆಲ್ಲ ಹೆದರ್ ಎಂಬ ಕುರುಚಲು ಗಿಡ. ಹೆದರ್ ಹೂ ಬಿಡುವುದು ಆಗಸ್ಟಿನಲ್ಲಿ. ನಾನು ಹೋದಾಗ ಗುಡ್ಡ ಕಂದುಬಣ್ಣಕ್ಕೇ ಇತ್ತು. ಪ್ರವಾಸೋದ್ಯಮದವರು ಇದನ್ನು ಮನುಷ್ಯನು ಮುಟ್ಟದ ನಿಸರ್ಗ ಎಂದು ಹೊಗಳುತ್ತಾರೆ. ವಾಸ್ತವವಾಗಿ ಮನುಷ್ಯನು ಇಷ್ಟು ಮುಟ್ಟಿರುವ ನೆಲ ಅಪರೂಪ. ಮೊದಲು ಬಹುಭಾಗ ಕಾಡು ಹೋಯಿತು. ತೋಳವೂ 17-18ನೆಯ ಶತಮಾನಗಳ ವೇಳೆಗೆ ಇಲ್ಲವಾಯಿತು. ತರುವಾಯ ಜನರನ್ನು ಎಬ್ಬಿಸಲಾಯಿತು. ಕುರಿ ಸಾಕಣೆಯಿಂದ ಗೇಣಿಗಿಂತ ಹೆಚ್ಚು ಲಾಭವಿದೆಯೆಂದು ಕಂಡ ಜಮೀನುದಾರರು ತಲೆಮಾರುಗಳಿಂದ ಬಾಳಿದ್ದ ಒಕ್ಕಲುಗಳನ್ನು ಒಕ್ಕಲೆಬ್ಬಿಸಿದರು. ಸದರ್ಲೆಂಡ್ ಪ್ರಾಂತ್ಯದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಮನೆಗಳ ಮಾಡಿಗೆ ಬೆಂಕಿ ಇಟ್ಟು ಜನರನ್ನು ಹೊರಹಾಕಲಾಯಿತು. ಅಲ್ಲಿ ರೋಸಲ್ ಎಂಬ ಊರಿನ ಅವಶೇಷವನ್ನು ಇಂದಿಗೂ ನೋಡಬಹುದು: ಮೊಣಕಾಲೆತ್ತರದ ಕಲ್ಲುಗೋಡೆ, ಧಾನ್ಯ ಒಣಗಿಸುತ್ತಿದ್ದ ಒಲೆಯ ಗುಂಡಿ, ಉತ್ತ ನೆಲದ ಏರಿಳಿತ. ಶರಾವತಿಯ ಹಿನ್ನೀರು ತಗ್ಗಿದಾಗ ಎದ್ದು ಕಾಣುವ ಮನೆಯ ಅಡಿಗಲ್ಲುಗಳನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಡ.

ಜನ ಹೋದ ಮೇಲೆ ಅವರ ಗೇಲಿಕ್ ಭಾಷೆಯೂ ಆ ಕಣಿವೆಗಳಿಂದ ಹಿಂಜರಿಯಿತು. ಆದರೆ ನಕ್ಷೆಯಲ್ಲಿ ಹೆಸರುಗಳು ಉಳಿದಿವೆ. ಬೇಥ್ ಎಂದರೆ ಬರ್ಚ್ ಮರ, ಫೆರ್ನಾ ಎಂದರೆ ಆಲ್ಡರ್, ಗ್ಯೂಸ್ ಎಂದರೆ ಪೈನ್. ಮರವೊಂದೂ ಇಲ್ಲದ ಹಳ್ಳಕ್ಕೆ ಬರ್ಚ್ ಹಳ್ಳ ಎಂಬ ಹೆಸರಿರುವುದನ್ನು ಕಾಣಬಹುದು. ನಮ್ಮ ಮತ್ತಿಘಟ್ಟ, ಹೊನ್ನೆಮರಡು ಇದ್ದಂತೆ. ನಿಮ್ಮ ನಿಮ್ಮ ಊರಿನ ಹೆಸರಿನಲ್ಲಿ ಯಾವ ಮರವಿದೆ, ಅದು ಊರಿನಲ್ಲಿ ಇನ್ನೂ ಇದೆಯೇ ಎಂದು ವಿದ್ಯಾರ್ಥಿಗಳು ಒಮ್ಮೆ ನೋಡಬೇಕು.

ಆ ಗುಡ್ಡಗಳಲ್ಲಿ ಮರ ಮತ್ತೆ ಬಾರದಿರುವುದಕ್ಕೆ ಈಗಿನ ಮುಖ್ಯ ಕಾರಣ ಕೆಂಪು ಜಿಂಕೆ. ಬೇಟೆಯ ಮೋಜಿಗಾಗಿ ಅವುಗಳ ಸಂಖ್ಯೆಯನ್ನು ಹೆಚ್ಚಿಟ್ಟಿದ್ದಾರೆ. ಹುಟ್ಟಿದ ಸಸಿಯನ್ನೆಲ್ಲ ಅವು ಮೇಯುತ್ತವೆ. ಕ್ರೇಗ್ ಮೆಗ್ಗಿ ಎಂಬ ಬೆಟ್ಟದಲ್ಲಿ ಕೋನಿಫರ್ ನೆಡುತೋಪು ಎಬ್ಬಿಸುವ ಯೋಜನೆಯೊಂದಿತ್ತು. ವಿರೋಧ ಬಂದ ಬಳಿಕ 1985ರಲ್ಲಿ ಸರ್ಕಾರದ ನಿಸರ್ಗ ಸಂರಕ್ಷಣಾ ಮಂಡಳಿ ಆ ಭೂಮಿಯನ್ನು ಕೊಂಡುಕೊಂಡಿತು. ಒಂದು ಗಿಡವನ್ನೂ ನೆಡುವ ಗೋಜಿಗೆ ಹೋಗದೆ, ಬೇಲಿಯನ್ನೂ ನೆಚ್ಚಿಕೊಳ್ಳದೆ, ಜಿಂಕೆಗಳ ಸಂಖ್ಯೆಯನ್ನು ಇಳಿಸಿದರು. ಇಂದು ಆ ಇಳಿಜಾರಿನಲ್ಲಿ ಬರ್ಚ್ ಕಾಡು ತಾನಾಗಿ ಮೇಲೇರುತ್ತಿದೆ. ನಾನು ಅದರ ನಡುವೆ ಅರ್ಧ ದಿನ ನಡೆದೆ. ಸಾಲಾಗಿ ನಿಲ್ಲದ ಮರಗಳನ್ನು ನೋಡುವುದೇ ಕಣ್ಣಿಗೆ ಹಿತ.

ಮರವಿಲ್ಲದ ಕಡೆ ಮರ ಬರಬೇಕು ಎಂಬುದೇ ಇದರ ಪಾಠ ಎಂದು ಯಾರಾದರೂ ಹೇಳಿಯಾರು. ಅಂಥವರು ಇನ್ನೂ ಉತ್ತರಕ್ಕೆ, ಕೇತ್‌ನೆಸ್ ಮತ್ತು ಸದರ್ಲೆಂಡಿನ ಫ್ಲೋ ಕಂಟ್ರಿಗೆ ಹೋಗಬೇಕು. ರೈಲು ಅಲ್ಲಿ ಫೋರ್ಸಿನಾರ್ಡ್ ಎಂಬ ಪುಟ್ಟ ನಿಲ್ದಾಣದಲ್ಲಿ ನಿಲ್ಲುತ್ತದೆ. ನಿಲ್ದಾಣದ ಕಟ್ಟಡವೇ ಮಾಹಿತಿ ಕೇಂದ್ರ. ಅಲ್ಲಿಂದ ಹಲಗೆಯ ಕಾಲುದಾರಿಯಲ್ಲಿ ನಡೆದರೆ ಸುತ್ತಲೂ ಜೌಗು. ಸುಮಾರು 4,000 ಚದರ ಕಿಲೋಮೀಟರ್ ಹರಡಿರುವ, ಜಗತ್ತಿನಲ್ಲಿಯೇ ದೊಡ್ಡದೆನ್ನುವ ಹೊದಿಕೆ ಜೌಗು ಇದು. ಮೇಲುನೋಟಕ್ಕೆ ಏನೂ ಇಲ್ಲ. ಮಂಡಿಯೂರಿ ನೋಡಿದರೆ ಕೆಂಪು, ಹಸಿರು, ಹಳದಿ ಬಣ್ಣಗಳ ಸ್ಫ್ಯಾಗ್ನಂ ಪಾಚಿ, ಬಿಳಿ ಹತ್ತಿಯ ಉಂಡೆಯಂಥ ಜೌಗು ಹತ್ತಿ, ಅಂಟುಹನಿ ಹೊತ್ತ ಡ್ರಾಸೆರಾ. ಅದೇ ಕುಲದ ಹುಳುಬಾಕ ಗಿಡಗಳು ನಮ್ಮ ಜಂಬಿಟ್ಟಿಗೆ ಹಾಸುಗಲ್ಲಿನ ಮೇಲೆಯೂ ಇವೆ. ಸಾರವಿಲ್ಲದ ನೆಲದಲ್ಲಿ ಸಾರಜನಕಕ್ಕಾಗಿ ಹುಳು ಹಿಡಿಯುವ ಉಪಾಯವನ್ನು ಎರಡೂ ಕಡೆ ಒಂದೇ ಕುಲ ಕಂಡುಕೊಂಡಿದೆ.

ಈ ನೆಲ ಹೇಗಾಯಿತೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ತೋಟಕ್ಕೆ ಹಾಕಿದ ಸೊಪ್ಪು ಒಂದೆರಡು ವರ್ಷದಲ್ಲಿ ಕರಗಿ ಗೊಬ್ಬರವಾಗುತ್ತದೆ. ಬಿಸಿಲು, ಗಾಳಿ, ಗೆದ್ದಲು, ಶಿಲೀಂಧ್ರ ಎಲ್ಲವೂ ಕೈಜೋಡಿಸುತ್ತವೆ. ಅಲ್ಲಿ ಚಳಿ, ನೆಲದಲ್ಲಿ ಸದಾ ನೀರು ನಿಂತಿರುವುದರಿಂದ ಒಳಕ್ಕೆ ಗಾಳಿಯಾಡುವುದಿಲ್ಲ, ಸ್ಫ್ಯಾಗ್ನಂ ಪಾಚಿಯು ತನ್ನ ಸುತ್ತಲ ನೀರನ್ನು ಹುಳಿಯಾಗಿಸುತ್ತದೆ. ಸತ್ತ ಪಾಚಿ ಕೊಳೆಯದೆ ಹಾಗೆಯೇ ಒತ್ತಿಕೊಳ್ಳುತ್ತದೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಏರುತ್ತದೆ, ಅಂದರೆ ಮನುಷ್ಯನೆತ್ತರದ ಪದರಕ್ಕೆ ಸಾವಿರದೈನೂರು ವರ್ಷವಾದರೂ ಬೇಕು. ಹಿಮಯುಗ ಕಳೆದಂದಿನಿಂದ ಈ ಕೂಡಿಕೆ ನಡೆದಿದೆ. ಸುಮಾರು 40 ಕೋಟಿ ಟನ್ ಇಂಗಾಲ ಆ ಒದ್ದೆ ನೆಲದಲ್ಲಿ ಕೂತಿದೆ ಎಂದು ಅಂದಾಜು. ನೀರು ಇರುವತನಕ ಅದು ಅಲ್ಲಿರುತ್ತದೆ. ಕಾಲುವೆ ತೋಡಿ ನೀರು ಬಸಿದ ದಿನ ಗಾಳಿ ಒಳಗೆ ನುಗ್ಗುತ್ತದೆ, ಸಾವಿರಾರು ವರ್ಷದ ಸಂಚಯ ಕೊಳೆಯಲಾರಂಭಿಸುತ್ತದೆ.

1980ರ ದಶಕದಲ್ಲಿ ನಡೆದದ್ದು ಅದೇ. ಸರ್ಕಾರದ ಕಡತದಲ್ಲಿ ಅದು ನಿರುಪಯೋಗಿ ಭೂಮಿ. ಅರಣ್ಯ ಬೆಳೆಸುವವರಿಗೆ ಸಹಾಯಧನವೂ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇತ್ತು. ದೂರದ ನಗರಗಳ ಸಿರಿವಂತರು, ಆ ಜೌಗನ್ನು ಕಣ್ಣಿನಿಂದ ಕಾಣದವರೂ, ತೆರಿಗೆ ಉಳಿಸಲು ಅಲ್ಲಿ ಹಣ ಹೂಡಿದರು. ಭಾರೀ ನೇಗಿಲಿನಿಂದ ಜೌಗನ್ನು ಸೀಳಿ, ಗೊಬ್ಬರ ಹಾಕಿ, ಉತ್ತರ ಅಮೆರಿಕದ ಸಿಟ್ಕಾ ಸ್ಪ್ರೂಸ್ ಮತ್ತು ಲಾಜ್‌ಪೋಲ್ ಪೈನ್ ನೆಟ್ಟರು. ಬಯಲನ್ನೇ ನಂಬಿ ಗೂಡು ಕಟ್ಟುವ ಡನ್ಲಿನ್, ಗೋಲ್ಡನ್ ಪ್ಲೋವರ್ ಮೊದಲಾದ ಹಕ್ಕಿಗಳು ನೆಡುತೋಪಿನ ಅಂಚಿನಿಂದಲೂ ದೂರ ಸರಿದವು. 1987ರಲ್ಲಿ ನಿಸರ್ಗ ಸಂರಕ್ಷಣಾ ಮಂಡಳಿ ಹಕ್ಕಿ, ಜೌಗು ಮತ್ತು ನೆಡುತೋಪುಗಳನ್ನು ಕುರಿತು ವರದಿ ಹೊರಡಿಸಿತು. 1988ರ ಮುಂಗಡಪತ್ರದಲ್ಲಿ ತೆರಿಗೆ ವಿನಾಯಿತಿ ರದ್ದಾಯಿತು. ನೆಡುವಿಕೆಯ ಅಬ್ಬರ ಅಲ್ಲಿಗೆ ಇಳಿಯಿತು. ಆದರೆ ವರದಿ ಬಿಡುಗಡೆಯಾದದ್ದು ಲಂಡನ್ನಿನಲ್ಲಿ. ನಮ್ಮ ನೆಲದ ಬಗ್ಗೆ ನಮ್ಮನ್ನು ಕೇಳದೆ ಪೇಟೆಯವರು ನೆಟ್ಟರು, ಈಗ ನಮ್ಮನ್ನು ಕೇಳದೆ ಪೇಟೆಯವರೇ ನಿಲ್ಲಿಸುತ್ತಿದ್ದಾರೆ ಎಂದು ಉತ್ತರದ ಜನರಿಗೆ ಸಿಟ್ಟು ಬಂತು. ನೆಡುತೋಪಿನ ಕೂಲಿ ಅವರಿಗೆ ಬೇಕಾಗಿತ್ತು. ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಅದೇ 1987ರಲ್ಲಿ ನಮ್ಮಲ್ಲಿ ಏನಾಗುತ್ತಿತ್ತು? ಸಿ ಮತ್ತು ಡಿ ದರ್ಜೆಯ ಭೂಮಿ ಎಂಬ ಹೆಸರಿನಲ್ಲಿ ಹಳ್ಳಿಗಳ ಗೋಮಾಳ, ಬ್ಯಾಣಗಳನ್ನು 1984ರಲ್ಲಿ ಸ್ಥಾಪನೆಯಾದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಕೊಟ್ಟು ನೀಲಗಿರಿ ಬೆಳೆಸಲಾಗುತ್ತಿತ್ತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಆ ಸತ್ಯಾಗ್ರಹ ಹಿರಿಯರಿಗೆ ನೆನಪಿರಬೇಕು. ಸುಪ್ರೀಂ ಕೋರ್ಟಿನ ದಾವೆಯಲ್ಲಿ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಭೂಗೋಳದ ಎರಡು ತುದಿಗಳಲ್ಲಿ ಒಂದೇ ವರ್ಷ ಒಂದೇ ಜಗಳ. ಎರಡೂ ಕಡೆ ಹುಟ್ಟಿಗೆ ಕಾರಣವಾದದ್ದು ಕಡತದ ಒಂದು ಪದ: ನಿರುಪಯೋಗಿ. ವ್ಯತ್ಯಾಸವಿಷ್ಟೆ, ಇಲ್ಲಿ ಅದನ್ನು ನಿಲ್ಲಿಸಿದವರು ಆ ನೆಲದಲ್ಲಿ ದನ ಮೇಯಿಸುತ್ತಿದ್ದವರೇ.

ಫೋರ್ಸಿನಾರ್ಡಿನಲ್ಲಿ 1995ರಿಂದ ಪಕ್ಷಿ ಸಂರಕ್ಷಣಾ ಸಂಸ್ಥೆಯವರು ನೆಟ್ಟ ಮರಗಳನ್ನು ಕಡಿದು, ಕಾಲುವೆಗಳಿಗೆ ಒಡ್ಡು ಹಾಕಿ, ನೀರನ್ನು ಮರಳಿ ನಿಲ್ಲಿಸುತ್ತಿದ್ದಾರೆ. ಮರ ಕಡಿಯುವುದೇ ಪರಿಸರ ರಕ್ಷಣೆಯಾಗಿರುವ ಸ್ಥಳವನ್ನು ಅಪ್ಪಿಕೋ ಚಳವಳಿಯ ಸೀಮೆಯಿಂದ ಹೋದ ನಾನು ಕಂಡೆ! ಮೂವತ್ತು ವರ್ಷವಾದರೂ ಹಳೆಯ ನೇಗಿಲಸಾಲು ಕಣ್ಣಿಗೆ ಕಾಣುತ್ತದೆ. ಕೆಲವೆಡೆ ಪಾಚಿ ಸಾಲಿನ ತಳದಲ್ಲಿ ಕೂಡಿಕೊಂಡಿದೆ, ಏರಿಯ ಮೇಲೆ ಇನ್ನೂ ಬಂದಿಲ್ಲ. ನೆಡಲು ತಗುಲಿದ್ದು ಕೆಲವೇ ವರ್ಷ. 2024ರಲ್ಲಿ ಯುನೆಸ್ಕೋ ಫ್ಲೋ ಕಂಟ್ರಿಯನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ನಾಲ್ಕು ದಶಕದ ಹಿಂದೆ ನಿರುಪಯೋಗಿ ಎನಿಸಿದ್ದ ಭೂಮಿ.

ನಮ್ಮ ಜಡ್ಡಿಗಳನ್ನು ನೋಡಿ. ಕಾಲಿಟ್ಟರೆ ಹೂಳುವ, ರಾಮಪತ್ರೆಯ ಬೇರು ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದ ಆ ಜಾಗಗಳನ್ನು ಬಸಿದು ಗದ್ದೆಯನ್ನೋ ತೋಟವನ್ನೋ ಮಾಡಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಅಂಥ ಜಡ್ಡಿಯಲ್ಲಿ ವಿಜ್ಞಾನಕ್ಕೆ ಗೊತ್ತೇ ಇರದ ಗೇರು ಜಾತಿಯ ದೊಡ್ಡ ಮರ ಸಿಕ್ಕಿತು. 2000ದಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಹೂವಲ್ಲ, ಹುಲ್ಲಲ್ಲ, ಕಾಡಿನ ಮೇಲ್ಛಾವಣಿಗೆ ಏರುವ ಮರ, 20ನೆಯ ಶತಮಾನದ ಕೊನೆಯವರೆಗೂ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಬ್ರಿಟನ್ನಿನ ಸ್ಥಳೀಯ ಸಸ್ಯಗಳು ಎರಡು ಸಾವಿರಕ್ಕೂ ಕಡಿಮೆ. ಪಶ್ಚಿಮಘಟ್ಟದಲ್ಲಿ ಹೂಬಿಡುವ ಸಸ್ಯಗಳೇ ಏಳು ಸಾವಿರಕ್ಕೂ ಮಿಕ್ಕಿವೆ. ಆದರೆ ಅವರಲ್ಲಿ ಹತ್ತು ಕಿಲೋಮೀಟರಿನ ಚೌಕಗಳಾಗಿ ಇಡೀ ದೇಶವನ್ನು ವಿಂಗಡಿಸಿ, ಯಾವ ಚೌಕದಲ್ಲಿ ಯಾವ ಗಿಡವಿದೆಯೆಂದು ತೋರಿಸುವ ಸಸ್ಯಪಟ 1962ರಲ್ಲಿಯೇ ಪ್ರಕಟವಾಯಿತು. ಮೂರನೆಯದು 2023ರಲ್ಲಿ ಬಂದಿದೆ. ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಸಂಬಳದ ವಿಜ್ಞಾನಿಗಳಲ್ಲ. ಶಿಕ್ಷಕರು, ನಿವೃತ್ತರು, ಗೃಹಿಣಿಯರು, ಸಾವಿರಾರು ಜನ. ಪಟವಿದ್ದ ಕಡೆ ಖಾಲಿ ಎಂಬ ಮಾತನ್ನು ಆಡುವುದು ಕಷ್ಟ.

ನಮ್ಮ ಬ್ಯಾಣಕ್ಕೆ ಪಟವಿಲ್ಲ. ಆದರೆ ಬಲ್ಲವರಿದ್ದಾರೆ. ಕರಡ ಯಾವಾಗ ಕೊಯ್ದರೆ ದನ ತಿನ್ನುತ್ತದೆ, ಯಾವ ಹುಲ್ಲು ಮಾಡಿಗೆ ಬರುತ್ತದೆ, ಬಾಣಂತಿಯ ಮದ್ದಿಗೆ ಯಾವ ಬೇರು, ಆಷಾಢದಲ್ಲಿ ಯಾವ ಕಳಲೆ-ಸೊಪ್ಪು ಎಂಬುದು ದನ ಕಾಯ್ದವರಿಗೆ, ಸೊಪ್ಪು ಕಡಿದವರಿಗೆ ತಿಳಿದಿದೆ. ಅಕೇಶಿಯಾ ದಟ್ಟವಾಗಿ ಎದ್ದರೆ ಅದರ ದರಕಿನ ಅಡಿಯಲ್ಲಿ ಕರಡ ಏಳುವುದಿಲ್ಲ, ಅದರ ಸೊಪ್ಪನ್ನು ದನ ಮುಟ್ಟುವುದಿಲ್ಲ. ಪಕ್ಕದ ಊರುಗಳಲ್ಲಿ ಇದನ್ನು ಎಲ್ಲರೂ ನೋಡಿದ್ದೇವೆ. ಸೌದೆಗೆ ಅಕೇಶಿಯಾ ಒಳ್ಳೆಯದು, ಅದನ್ನು ಅಲ್ಲಗಳೆಯುವುದಿಲ್ಲ. ಹಾಳುಬಿದ್ದ ಗಣಿಗುಂಡಿಯ ಪಕ್ಕ, ರಸ್ತೆ ಕಡಿದ ಬರೆಯ ಮೇಲೆ ಬೇಕಾದರೆ ಹಾಕಲಿ. ಮೂರು ಊರಿನ ದನಕ್ಕೆ ಮಳೆಗಾಲದ ಹುಲ್ಲು ಕೊಡುವ ಬ್ಯಾಣ ಅದಕ್ಕೆ ಜಾಗವಲ್ಲ.

ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಎಷ್ಟೋ ಕಡೆ ಅದು ಬೇರೆ ಊರಿನ ಪಟ್ಟಿಯ ನಕಲಾಗಿದೆ ಎಂಬುದು ಗುಟ್ಟೇನಲ್ಲ. ಬ್ಯಾಣದ ಮಟ್ಟಿಗಾದರೂ ಅದನ್ನು ನಾವು ಸರಿಯಾಗಿ ಬರೆಯೋಣ. ಜೂನ್ ಮೊದಲ ಭಾನುವಾರದಿಂದ ತಿಂಗಳಿಗೆ ಎರಡು ಸಲ, ಬೆಳಿಗ್ಗೆ ಎಂಟಕ್ಕೆ, ಶಾಲೆಯ ಹಿಂದಿನ ದಣಪೆಯ ಬಳಿ ಸೇರುವುದು. ವಿದ್ಯಾರ್ಥಿಗಳು ಬರೆಯಬೇಕು, ಹಿರಿಯರು ಹೇಳಬೇಕು. ಮೊದಲ ಕಾಲಂನಲ್ಲಿ ಊರಿನ ಹೆಸರು, ಎರಡನೆಯದರಲ್ಲಿ ಉಪಯೋಗ, ಮೂರನೆಯದರಲ್ಲಿ ಹೇಳಿದವರ ಹೆಸರು. ಈ ಮೂರನೆಯದನ್ನು ಯಾರೂ ಬಿಡಬಾರದು. ಶಾಸ್ತ್ರೀಯ ಹೆಸರನ್ನು ಸೇರಿಸುವ ಕೆಲಸ ನನಗಿರಲಿ. ಹಾಸುಗಲ್ಲಿನ ಗಿಡಗಳು ಶ್ರಾವಣದಲ್ಲಿ ಮಾತ್ರ ಹೂ ಬಿಡುವುದರಿಂದ ಪಟ್ಟಿ ಆಗಸ್ಟಿನ ಕೊನೆಯವರೆಗೂ ಮುಗಿಯುವುದಿಲ್ಲ. ಆದ್ದರಿಂದ ಗುಂಡಿ ತೆಗೆಯುವುದನ್ನು ಅಲ್ಲಿಯವರೆಗೆ ತಡೆಯಬೇಕೆಂದು ಕೋರುವ ಅರ್ಜಿಯೊಂದನ್ನು ಸಿದ್ಧಪಡಿಸಿದ್ದೇವೆ. ಬರುವ ಗ್ರಾಮಸಭೆಗೆ ಅದನ್ನು ಕೊಡಬೇಕು. ಸಹಿ ಹಾಕುವವರಿಗೆ ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ.